ಒಳಬಾಗಿಲಿಲ್ಲದ ಮನೆ

ನಾನು ಹುಟ್ಟಿ ಬೆಳೆದ ಮನೆಗೆ ತಲೆಬಾಗಿಲು, ಹಿತ್ತಿಲ ಬಾಗಿಲು ಬಿಟ್ಟರೆ ಬೇರೆ ಬಾಗಿಲುಗಳೇ ಇರಲಿಲ್ಲ. ಚೌಕಟ್ಟುಗಳಿದ್ದವು, ಹೊಸಲುಗಳಿದ್ದವು, ಕೀಲು ಕಿತ್ತ ಕಡೆ ಮರದಲ್ಲಿ ಹಲ್ಲು ಉದುರಿದ ಹಾಗೆ ತೂತುಗಳಿದ್ದವು. ಹಲಗೆ ಮಾತ್ರ ಇರಲಿಲ್ಲ. ಅಡುಗೆಮನೆ, ನಡುಮನೆ, ರಾಗಿ ತುಂಬುವ ಮಣ್ಣಿನ ವಾಡೆಗಳಿದ್ದ ಕತ್ತಲೆಕೋಣೆ ಎಲ್ಲವೂ ಒಂದಕ್ಕೊಂದು ಬಾಯಿ ಬಿಟ್ಟುಕೊಂಡೇ ಇರುತ್ತಿದ್ದವು. ಬಚ್ಚಲಿಗೆ ಗೋಣಿತಾಟು, ಗಂಡಹೆಂಡಿರು ಮಲಗುವ ಕಡೆ ಹಳೇ ಸೀರೆ. ಕಿತ್ತ ಹಲಗೆಗಳನ್ನು ನಮ್ಮ ತಾತ ಸಿದ್ದೇಗೌಡ ಕೊಟ್ಟಿಗೆಯಲ್ಲಿ ಕರುಗಳ ಕಾಲಡಿಗೆ ಹಾಸಿದ್ದ. ತಾಳವಾಡಿಗೆ ಮೂರು ಮೈಲಿ ದೂರದ ಕಾಡಂಚಿನ ಊರು ನಮ್ಮದು. ರಾಗಿ ತೆನೆ ಕಟ್ಟಿದ ಮೇಲೆ ಆನೆಗಳು ಹಟ್ಟಿಯವರೆಗೂ ಬರುತ್ತಿದ್ದವು. ಬೇರೆಯವರು ಇದ್ದಬದ್ದ ಬಾಗಿಲಿಗೆಲ್ಲ ಅಗುಳಿ ಜಡಿದು ಮಲಗಿದರೆ, ನಮ್ಮ ಮನೆಯೊಳಗೆ ಹಿತ್ತಿಲ ಬಾಗಿಲ ಸಂದಿಯಿಂದ ಬೀಸಿದ ಗಾಳಿ ಎಲ್ಲೂ ತಡೆಯಿಲ್ಲದೆ ತಲೆಬಾಗಿಲವರೆಗೂ ಬಂದು ದೀಪ ಆರಿಸುತ್ತಿತ್ತು. ಚಿಕ್ಕಪ್ಪನ ಮದುವೆಯಾಗಿ ಚಿಗವ್ವ ಮನೆ ತುಂಬಿದ ದಿನ, ಗೋಣಿತಾಟಿನ ಹಿಂದೆ ಸೀರೆ ಬದಲಾಯಿಸುತ್ತ ನಮ್ಮವ್ವನನ್ನು ಕೇಳಿದ್ದಳು.

"ಅಲ್ಲ ಕಣಕ್ಕೋ, ನನ್ನ ಮದ್ವ ಮಾಡ್ಕೊಟ್ಟವ್ರಾ, ಇಲ್ಲಾ ಸಂತಮಾಳದಲ್ಲಿ ಬುಟ್ಟೋಗವ್ರಾ?"

ಅದನ್ನು ತಾತ ಕೇಳಿಸಿಕೊಂಡ. ಬಾಗಿಲಿಲ್ಲದ ಮನೆಯಲ್ಲಿ ಎಲ್ಲರ ಮಾತೂ ಎಲ್ಲರಿಗೂ ಕೇಳುತ್ತದೆ.

"ಬಾಗ್ಲು ಯುದ್ದುಕ್ಕೆ ಇರಾದು ಕಣಮ್ಮಿ," ಅಂದ. "ಮನಗಲ್ಲ."

ತಾತ ಹಡಗಿನಲ್ಲಿದ್ದು ಬಂದವನು. ಊರವರು ನಮ್ಮನ್ನು 'ಅಡಗಿನೋರು' ಅನ್ನುತ್ತಿದ್ದರು. ಬೆಟ್ಟದ ಮೇಲಿನ ಊರಿನಲ್ಲಿ ಕಡಲು ಕಂಡವನು ಅವನೊಬ್ಬನೇ. ಮನೆ ನಡೆಸುತ್ತಿದ್ದುದೂ ಹಡಗಿನ ಹಾಗೆಯೇ. ಬೆಳಗಿನ ಕೋಳಿ ಕೂಗಿದಾಗ ಎಲ್ಲರೂ ಎದ್ದು ಚಾಪೆ ಸುತ್ತಿ ಗೋಡೆಗೆ ನಿಲ್ಲಿಸಬೇಕು. ತಟ್ಟೆಗಳು ಒಂದೇ ಸಾಲಿನಲ್ಲಿ ಕೂರಬೇಕು, ಚೊಂಬಿನ ಬಾಯಿ ಒಂದೇ ಕಡೆಗಿರಬೇಕು. ತಪ್ಪಿದರೆ ಸೊಂಟದ ಬೆಲ್ಟು ಬಿಚ್ಚುತ್ತಿದ್ದ. ಅದಕ್ಕೆ ಹಿತ್ತಾಳೆಯ ಬಿಲ್ಲೆ ಇತ್ತು. ನಮ್ಮಪ್ಪನ ಬೆನ್ನ ಮೇಲೆ ಆ ಬಿಲ್ಲೆಯ ಗುರುತು ಮೂರು ಕಡೆ ಇತ್ತು. ಬಿಸಿನೀರು ಹುಯ್ಯುವಾಗ ಅವ್ವ ಆ ಗುರುತುಗಳನ್ನು ಬಿಟ್ಟು ಸುತ್ತಲೇ ಉಜ್ಜುತ್ತಿದ್ದಳು. ಒಮ್ಮೆ ಚಿಕ್ಕಪ್ಪ ಊಟಕ್ಕೆ ತಡವಾಗಿ ಬಂದ. ತಾತ ಮುದ್ದೆಯ ಹಿಟ್ಟು ತೊಳಸುವ ಕೋಲಿನಿಂದ ಅವನ ಮಂಡಿಗೆ ಹೊಡೆದ. ಆ ಕೋಲು ನಮ್ಮವ್ವನ ಕೈಯಲ್ಲಿ ಸುಡುಸುಡುವ ಹಿಟ್ಟಿನಿಂದ ಆಗತಾನೆ ಹೊರಬಂದಿತ್ತು. ಮಂಡಿಗೆ ಹಿಟ್ಟು ಅಂಟಿ ಚರ್ಮ ಸುಲಿಯಿತು. ಚಿಕ್ಕಪ್ಪ ಕಿರುಚಲಿಲ್ಲ. ಕಿರುಚಿದರೆ ಇನ್ನೊಂದು ಬೀಳುತ್ತದೆಂಬುದು ನಮಗೆಲ್ಲ ಗೊತ್ತಿತ್ತು. ಅವತ್ತು ಸೊಪ್ಪಿನ ಸಾರು. ಎಲ್ಲರೂ ಉಂಡೆವು.

ಉಣ್ಣುವಾಗ ಮಾತಾಡುವ ಹಕ್ಕು ತಾತನಿಗೆ ಮಾತ್ರ. ಅವನು ಹೇಳುತ್ತಿದ್ದುದು ತನ್ನ ಕತೆಯಲ್ಲ, ದೊರೆಯದು. ದೊರೆಗೆ ಹೆಸರೊಂದಿದ್ದಿರಬೇಕು, ಅದು ನಮ್ಮ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ. ಇಂಗ್ಲೆಂಡಿನ ಹಡಗುಪಡೆಗೆ ಹದಿಮೂರನೇ ವಯಸ್ಸಿಗೇ ಸೇರಿದವನು. ಮೊದಲನೇ ಮಹಾಯುದ್ಧದಲ್ಲಿ ಮೀಸೆ ಕೂಡ ಬಂದಿರದ ಪುಟ್ಟ ಆಫೀಸರ್. ಉತ್ತರದ ತಣ್ಣನೆಯ ಕಡಲಿನಲ್ಲಿ ಅವನ ಹಡಗಿನ ದೊಡ್ಡ ಫಿರಂಗಿಯ ಗೂಡಿಗೆ ಶತ್ರುವಿನ ಗುಂಡು ಬಿತ್ತು. ಒಳಗಿದ್ದವರು ಕೂತಲ್ಲೇ ಸುಟ್ಟು ಕರಿಕಲಾದರು. ಬೆಂಕಿ ಕೆಳಗಿಳಿದು ಮದ್ದಿನ ಕೋಣೆ ಮುಟ್ಟಿದರೆ ಹಡಗಿಗೆ ಹಡಗೇ ಸಿಡಿಯುತ್ತದೆ. ಆ ಗೂಡಿನ ಮೇಲಧಿಕಾರಿಗೆ ಎರಡು ಕಾಲೂ ಹೋಗಿದ್ದವು. ಅವನು ಈ ಹುಡುಗನ ಕಾಲರ್ ಹಿಡಿದೆಳೆದು, ಬಾಗಿಲು ಮುಚ್ಚಿ ಮದ್ದಿನ ಕೋಣೆಗೆ ಕಡಲ ನೀರು ಬಿಡಿಸು ಎಂದನಂತೆ. ಹುಡುಗ ಓಡಿಹೋಗಿ ಹೇಳಿದ. ಬಾಗಿಲು ಬಿತ್ತು, ನೀರು ನುಗ್ಗಿತು, ಹಡಗು ಉಳಿಯಿತು. ಇಲ್ಲಿಗೆ ಬಂದಾಗ ತಾತ ತುತ್ತು ನಿಲ್ಲಿಸಿ ನಮ್ಮ ಮುಖಗಳನ್ನೆಲ್ಲ ನೋಡುತ್ತಿದ್ದ. ಒಂದು ಸಲ ನಾನು ಕೇಳಿಬಿಟ್ಟೆ.

"ಕೆಳಗಿದ್ದವ್ರು ಏನಾದ್ರು ತಾತಾ?"

"ಕೆಳಗಿದ್ದವ್ರು ಕೆಳಗೇ."

ಅಷ್ಟು ಹೇಳಿ ನನ್ನ ತಟ್ಟೆಯನ್ನು ಕಾಲಿನಿಂದ ಒದ್ದ. ಸಾರು ಗೋಡೆಗೆ ಹಾರಿತು. ಅದನ್ನು ಒರೆಸಿದವಳೂ ನಾನೇ.

ಆಮೇಲೆ ದೊರೆ ಮೇಲೇರುತ್ತ ಹೋದ. ಚೀನಾದ ನದಿಯಲ್ಲಿ ದೋಣಿಗಳ್ಳರನ್ನು ಸಾಲಾಗಿ ಕೂರಿಸಿ ತಲೆ ಕಡಿಯುವುದನ್ನು ನೋಡಿದ. ಲಂಕೆಗೆ ಬಂದ. ರಜೆಯಲ್ಲಿ ಹುಲಿ ಹೊಡೆಯಲೆಂದು ತಾಳಮಲೆ ಕಾಡಿಗೆ ಬಂದಾಗ ಅವನ ಡೇರೆಯಲ್ಲಿ ಕಾಫಿ ಕಾಸಿಕೊಟ್ಟವನು ನಮ್ಮ ತಾತ. ಆ ಕಾಫಿಯ ರುಚಿಗೆ ದೊರೆ ಅವನನ್ನು ಕರೆದುಕೊಂಡೇ ಹೋದ. ತಾತ ದೊರೆಯ ಮೇಜಿನ ಆಳಾದ. ಬಟ್ಟೆ ಇಸ್ತ್ರಿ, ಬೆಳ್ಳಿ ಚಮಚ, ಬೆಳಗಿನ ಟೀ ಅವನ ಕೆಲಸ. ಎರಡನೇ ಯುದ್ಧ ಬಂದಾಗ ದೊರೆ ಹಡಗಿಗೇ ಕ್ಯಾಪ್ಟನ್. ಆಗ ಕಡಲೆಲ್ಲ ಎಣ್ಣೆ ಚೆಲ್ಲಿ ಉರಿಯುತ್ತಿತ್ತಂತೆ. ಮುಳುಗಿದ ಹಡಗುಗಳ ಜನ ಆ ಉರಿಯಲ್ಲಿ ಈಜುತ್ತಿದ್ದರಂತೆ. "ಬಾಣಲಿಲಿ ಬೋಂಡ ಒಳ್ಳಾಡ್ದಂಗೆ" ಅನ್ನುತ್ತಿದ್ದ ತಾತ. ಹಾಗೆ ಅವನು ಹೇಳಿದಾಗಿನಿಂದ ನಮ್ಮವ್ವ ಬೋಂಡ ಮಾಡುವುದನ್ನೇ ಬಿಟ್ಟಳು. ಒಂದು ದಿನ ವಿಮಾನಗಳು ಬಂದು ದೊರೆಯ ಹಡಗಿಗೂ ಬಾಂಬು ಹಾಕಿದವು. ಹಡಗು ಉಳಿಯಿತು. ದೊರೆಗೆ ಪದಕ ಬಂತು. ಯುದ್ಧ ಮುಗಿಯುವ ಹೊತ್ತಿಗೆ ಹಲವು ಹಡಗುಗಳಿಗೆ ಒಡೆಯನಾಗಿ, ಕೊನೆಗೆ ತನ್ನೂರಲ್ಲಿ ಸೇಬಿನ ಗಿಡ ಸಾಕಿಕೊಂಡು ನಿದ್ದೆಯಲ್ಲೇ ಸತ್ತ. ಈ ಕೊನೆಯ ಯುದ್ಧದ ಭಾಗವನ್ನು ತಾತ ಎರಡೇ ಮಾತಿನಲ್ಲಿ ಮುಗಿಸುತ್ತಿದ್ದ. ಬಾಂಬು ಬಿತ್ತು, ಹಡಗು ಉಳಿಯಿತು. ಅಷ್ಟೇ.

ಆ ಎರಡು ಮಾತಿನ ನಡುವೆ ನಮ್ಮಜ್ಜಿಯ ತಮ್ಮ ಕಳೆದುಹೋಗಿದ್ದ. ಪುಟ್ಟಮಾದ ಎಂದು ಅವನ ಹೆಸರು. ಬಾವನ ಹಿಂದೆ ತಾನೂ ಹೋಗಿ ಅದೇ ಹಡಗಿನ ಅಡುಗೆಮನೆಗೆ ಸೇರಿಕೊಂಡಿದ್ದ ಆಳೆತ್ತರದ ಗಂಡಸು. ಯುದ್ಧ ಮುಗಿದು ತಾತ ಒಬ್ಬನೇ ಬಂದ. ಪುಟ್ಟಮಾದ ಕಡಲಿಗೆ ಬಿದ್ದ, ಸಿಗಲಿಲ್ಲ ಎಂದ. ಬಂದ ವಾರದಲ್ಲೇ ಮನೆಯ ಒಳಬಾಗಿಲುಗಳನ್ನೆಲ್ಲ ಕಿತ್ತು ಹಾಕಿದ. ಅಜ್ಜಿ ಮಾದಮ್ಮ ಬಾಗಿಲ ಮಾತಿಗೆ ಹೋಗಲಿಲ್ಲ. ಅವಳ ತಲೆಯಲ್ಲಿ ಇದ್ದುದು ಒಂದೇ.

"ಬಿದ್ದೋನು ಈಜ್ತಾನ. ನಮ್ಮೂರು ಕೆರಯ ಮೂರು ದಪ ಈಜಿ ಬಂದೋನು ನನ್ ತಮ್ಮ. ಎಲ್ಲೋ ದಡ ಸೇರವ್ನ."

ಮೂವತ್ತು ವರ್ಷ ಹಾಗೇ ಅಂದಳು. ಪ್ರತಿವರ್ಷ ಪಕ್ಷದ ಹಬ್ಬದಲ್ಲಿ ಸತ್ತ ಹಿರೀಕರಿಗೆಲ್ಲ ಎಲೆ ಹಾಕಿ ಎಡೆ ಬಡಿಸುವಾಗ, ಪುಟ್ಟಮಾದನಿಗೂ ಒಂದೆಲೆ ಹಾಕು ಎಂದು ತಾತ ಗುಡುಗುತ್ತಿದ್ದ. ಬದುಕಿರುವವನಿಗೆ ಎಡೆ ಇಡಲ್ಲ ಎಂದು ಅಜ್ಜಿ. ಚೊಂಬು ಹಾರುತ್ತಿತ್ತು. ಅಜ್ಜಿಯ ಮುಂದಿನ ಎರಡು ಹಲ್ಲು ಹೋದದ್ದು ಒಂದು ಪಕ್ಷದ ಹಬ್ಬದಲ್ಲೇ.

ನನಗೆ ಹತ್ತು ತುಂಬಿದ ವರ್ಷ ಅಜ್ಜಿಯ ಅಕ್ಕ ತೀರಿಕೊಂಡಳು. ತವರಿನಲ್ಲಿ ಉಳಿದಿದ್ದುದು ಅವಳೊಬ್ಬಳೇ. ಸಾಯುವಾಗ ಅಜ್ಜಿಯ ಕೈ ಹಿಡಿದು, "ಅವನ್ಗೊಂದೆಲ ಆಕು ಮಾದಿ, ಅಸ್ಕಂಡು ತಿರುಗ್ತಾವ್ನ" ಎಂದಳಂತೆ. ಅಜ್ಜಿ ಮಣ್ಣು ಮಾಡಿ ಬಂದಾಗ ಪಕ್ಷದ ಹಬ್ಬ ಹತ್ತಿರವಾಗಿತ್ತು. ಮೂರನೇ ದಿನ ಎಳ್ಳು ಹುರಿಯಲು ಕೂತಳು. ತಮ್ಮನಿಗೆ ಎಳ್ಳಿನ ಚಿಗಳಿ ಎಂದರೆ ಪ್ರಾಣವಂತೆ. ಆದರೆ ಎಡೆ ಇಟ್ಟರೆ ಸಾಲದು, ಅವನು ಬಂದು ಉಣ್ಣಬೇಕು. ಅದಕ್ಕೆ ಬಾಗಿಲು ಬೇಕಿತ್ತು. ನಮ್ಮ ಕಡೆಯ ಪದ್ಧತಿ ಹಾಗೆ. ಎಡೆ ಬಡಿಸಿ ಧೂಪ ಹಾಕಿದ ಮೇಲೆ ಆ ಕೋಣೆಯ ಬಾಗಿಲು ಮುಚ್ಚಿ ಚಿಲಕ ಹಾಕಿ, ಮನೆಮಂದಿಯೆಲ್ಲ ಜಗುಲಿಗೆ ಬಂದು ಬೆನ್ನು ತಿರುಗಿಸಿ ಕೂರಬೇಕು. ಯಾರೂ ಇಲ್ಲದಾಗ ಹಿರೀಕರು ಬಂದು ಉಂಡು ಹೋಗುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ನಾವು ಬಾಗಿಲು ತಟ್ಟಿ, ಅವರಿಗೆ ಎದ್ದು ಹೋಗಲು ಬಿಡುವು ಕೊಟ್ಟು ಒಳಹೋಗಬೇಕು. ನಮ್ಮ ಮನೆಯಲ್ಲಿ ಮಾತ್ರ ಇಷ್ಟು ವರ್ಷವೂ ಬಟಾಬಯಲಿನಲ್ಲೇ ಎಡೆ. ಊರಿನ ಹೆಂಗಸರು ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಿದ್ದರು.

"ಅಡಗಿನೋರ ಮನಯ ಹಿರೀಕ್ರು ಪಾಪ, ನಾಚ್ಕಂಡು ಅಸ್ಕಂಡೇ ಓಯ್ತರ ಕಣವ್ವಾ."

ಅಜ್ಜಿ ತಾತನನ್ನು ಕೇಳಿದಳು. ನೆಟ್ಟಗೆ, ಎಲ್ಲರ ಮುಂದೆ.

"ನೀ ಏಳ್ದಂಗೇ ಎಲ ಆಕ್ತಿನಿ. ವಾಡ ಕೋಣಗ ಒಂದು ಬಾಗ್ಲು ಆಕ್ಸು."

"ಎಲ ಆಕು. ಬಾಗ್ಲು ಬ್ಯಾಡ."

"ಬಾಗ್ಲಿಲ್ದೆ ಅವನು ಬರಲ್ಲ."

"ಬಾಗ್ಲು ಅಂತ ಇನ್ನೊಂದು ದಪ ಅಂದ್ರ ನಾಲ್ಗ ಸೀಳ್ತಿನಿ."

ಅಂದವನು ಒಲೆಯ ಮೇಲಿದ್ದ ಎಸರಿನ ಮಡಕೆಯನ್ನು ಬರಿಗಾಲಿನಿಂದ ಒದ್ದ. ಕುದಿನೀರು ಅವನ ಪಾದದ ಮೇಲೂ ಬಿತ್ತು, ಅಜ್ಜಿಯ ಮೊಣಕೈ ಮೇಲೂ ಬಿತ್ತು. ಇಬ್ಬರಿಗೂ ನಮ್ಮವ್ವ ಒಂದೇ ಬಟ್ಟಲಿನಿಂದ ಜೇನುತುಪ್ಪ ಸವರಿದಳು.

ಹಬ್ಬಕ್ಕೆ ಎರಡು ದಿನ ಮುಂಚೆ ತಾತ ಕಣ್ಣು ತೋರಿಸಲು ಚಾಮರಾಜನಗರಕ್ಕೆ ಹೋದ. ಹಬ್ಬದ ದಿನ ಸಾಯಂಕಾಲದ ಬಸ್ಸಿಗೆ ಬರುತ್ತೇನೆಂದು ಹೇಳಿದ್ದ. ಬಸ್ಸಿನ ಧೂಳು ಇಳಿಯುವ ಮುಂಚೆಯೇ ಅಜ್ಜಿ ಆಚಾರಿಯನ್ನು ಕರೆಸಿದಳು. ಕೊಟ್ಟಿಗೆಯಿಂದ ಹಳೇ ಹಲಗೆ ಎಳೆದು, ಸಗಣಿ ಕೆರೆದು, ವಾಡೆ ಕೋಣೆಯ ಚೌಕಟ್ಟಿಗೆ ಕೂರಿಸಿ, ಹೊರಗಡೆಗೆ ಒಂದು ಕಬ್ಬಿಣದ ಚಿಲಕ ಹೊಡೆಸಿದಳು. ಹಬ್ಬದ ದಿನ ಸಂಜೆಯೊಳಗೆ ಕಿತ್ತು ಮತ್ತೆ ಕರುಗಳಿಗೆ ಹಾಸಿಬಿಡುವುದು ಅವಳ ಲೆಕ್ಕ. ಹಬ್ಬದ ಬೆಳಗ್ಗೆ ಅಪ್ಪ ಟಗರು ಕಡಿದ. ಒಂದೇ ಏಟಿಗೆ ಬೀಳಲಿಲ್ಲ. ಅರ್ಧ ಕತ್ತಿನಲ್ಲಿ ಹಿತ್ತಿಲೆಲ್ಲ ಓಡಿ ಒಗೆದ ಬಟ್ಟೆಗಳ ಮೇಲೆ ರಕ್ತ ಚಿಮ್ಮಿಸಿ ಬಿತ್ತು. ನಡುಹಗಲಿಗೆ ಆರು ಎಲೆ ಹಾಕಿದೆವು. ಮಾಂಸದ ಸಾರು, ಹಿಟ್ಟು, ಅನ್ನ, ಕಜ್ಜಾಯ. ಆರನೇ ಎಲೆಗೆ ಮಾತ್ರ ಚಿಗಳಿ, ಪಕ್ಕಕ್ಕೊಂದು ಹೊಸ ಪಂಚೆ. ತೆಂಗಿನಕಾಯಿ ಒಡೆದ ಮಚ್ಚು ಅಲ್ಲೇ ಗೋಡೆಗೆ ಒರಗಿತ್ತು. ಧೂಪದ ಹೊಗೆಯಲ್ಲಿ ಕೋಣೆ ಇನ್ನಷ್ಟು ಕತ್ತಲಾಗಿತ್ತು. ಎಲ್ಲರೂ ಜಗುಲಿಗೆ ಹೋದರು. ಎಳೆಮಕ್ಕಳ ಕೈ ಶುದ್ಧ ಎಂದು ಚಿಲಕದ ಕೆಲಸ ನನಗೆ ಬಿಟ್ಟಳು ಅಜ್ಜಿ. ಧೂಪಕ್ಕೆ ಇನ್ನೊಂದು ಚೂರು ಕೆಂಡ ತರಲೆಂದು ನಾನು ಅಡುಗೆಮನೆಗೆ ಹೋದೆ. ಬಂದು ಹೊಸಲಿನಿಂದಲೇ ಕೆಂಡ ಹಾಕಿದೆ, ಬಾಗಿಲು ಎಳೆದೆ, ಚಿಲಕ ಹಾಕಿದೆ, ಜಗುಲಿಗೆ ಓಡಿದೆ.

ನಾನು ಅಡುಗೆಮನೆಯಲ್ಲಿದ್ದ ಆ ಗಳಿಗೆಯಲ್ಲಿ ತಾತ ಹಿತ್ತಿಲಿಂದ ಒಳಗೆ ಬಂದಿದ್ದ. ಆಸ್ಪತ್ರೆಯ ಕೆಲಸ ಬೇಗನೆ ಮುಗಿದಿದ್ದರಿಂದ ಮಧ್ಯಾಹ್ನದ ಬಸ್ಸೇ ಸಿಕ್ಕಿತ್ತು. ಡಾಕ್ಟರು ಔಷಧಿ ಬಿಟ್ಟು ಕಣ್ಣು ಮಂಜಾಗಿದ್ದರಿಂದ ಗೋಡೆ ಕಡೆಗೆ ತೆರೆದು ನಿಂತಿದ್ದ ಬಾಗಿಲು ಅವನಿಗೆ ಕಾಣಲಿಲ್ಲ. ಬಾಮೈದನಿಗೆಂದು ಒಂದು ಕಟ್ಟು ಬೀಡಿ ತಂದಿದ್ದ. ಅದನ್ನು ಆರನೇ ಎಲೆಯ ಪಕ್ಕ ಇಡಲು ವಾಡೆಯ ಮರೆಯಲ್ಲಿ ಬಗ್ಗಿದ್ದಾಗ ಹಿಂದೆ ಬಾಗಿಲು ಬಿತ್ತು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಜಗುಲಿಯಲ್ಲಿ ನಾವು ಬೆನ್ನು ತಿರುಗಿಸಿ ಕೂತಿದ್ದೆವು. ನೂರರವರೆಗೆ ಎಣಿಸು ಎಂದಿದ್ದಳು ಅಜ್ಜಿ. ಮೂವತ್ತೊಂದೋ ಮೂವತ್ತೆರಡೋ ಎಣಿಸುವಾಗ ಒಳಗಿನಿಂದ ತಟ್ಟಿದ ಸದ್ದು ಬಂತು. ಮೆತ್ತಗೆ, ಮೂರು ಸಲ.

"ಇಲಿ ಇರ್ಬೇಕು ಕಣವ್ವಾ," ಅಂದ ಚಿಕ್ಕಪ್ಪ.

"ಇಲಿ ಬಾಗ್ಲು ತಟ್ಟಿದ್ದಾ ಲಾ? ನನ್ ತಮ್ಮ ಕಣ್ಲಾ! ಬಂದ ಕಣ್ಲಾ!"

ಅಜ್ಜಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು, ನಗುತ್ತಿದ್ದಳು. ಮತ್ತೆ ತಟ್ಟಿತು. ಈಗ ಜೋರಾಗಿ. ಚಿಗವ್ವ ಅವ್ವನ ಸೆರಗಿನೊಳಗೆ ಮುಖ ಹುದುಗಿಸಿದಳು. ಅಪ್ಪ ಎದ್ದು ನಿಂತ. ಅಜ್ಜಿ ಅವನ ಪಂಚೆ ಹಿಡಿದೆಳೆದು ಕೂರಿಸಿದಳು. ಉಣ್ಣುವಾಗ ಬಾಗಿಲು ತೆಗೆದರೆ ಅರ್ಧ ಹೊಟ್ಟೆಯಲ್ಲಿ ಎದ್ದು ಹೋಗುತ್ತಾರೆ ಎಂಬ ಭಯ ಅವಳಿಗೆ. ಬೆನ್ನು ತಿರುಗಿಸಿಕೊಂಡೇ ಒಳಗಿನವನಿಗೆ ಹೇಳಿದಳು.

"ಉಣ್ಣಪ್ಪಾ, ಉಣ್ಣು. ಯಾರೂ ನೋಡ್ತಿಲ್ಲ. ಬಾಗ್ಲು ತಗಿಯಲ್ಲ, ನೀ ಉಣ್ಣು."

ಆಮೇಲೆ ಬಂದ ಕೂಗನ್ನು ಈ ಐವತ್ತೇಳನೇ ವಯಸ್ಸಿನಲ್ಲೂ ನಾನು ಯಾವ ಪ್ರಾಣಿಗೂ ಹೋಲಿಸಲಾರೆ.

"ತಗಿತಿನಿ ಕಣ್ಲಾ! ತಗಿತಿನಿ! ತಟ್ಬ್ಯಾಡ ಕಣ್ಲಾ, ತಗಿತಿನಿ!"

ಕೂಡಿಹಾಕಿಸಿಕೊಂಡವನೇ ತೆಗೆಯುತ್ತೇನೆಂದು ಕೂಗುತ್ತಿದ್ದ. ದನಿ ತಾತನದೆಂದು ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು. ಹಲಗೆಯ ಮೇಲೆ ಮಚ್ಚು ಬೀಳುವ ಸದ್ದು ಶುರುವಾಯಿತು. ಚಿಲಕ ಹಾಕಿದವಳು ನಾನು, ತೆಗೆಯಬೇಕಾದವಳೂ ನಾನೇ ಎಂದು ಎಲ್ಲರಿಗಿಂತ ಮುಂದೆ ಓಡಿದೆ. ತುದಿಗಾಲಲ್ಲಿ ನಿಂತು ಚಿಲಕಕ್ಕೆ ಕೈ ಹಾಕಿದಾಗ ಹಲಗೆ ಸೀಳಿಕೊಂಡು ಮಚ್ಚಿನ ತುದಿ ನನ್ನ ಕಿವಿಯ ಪಕ್ಕ ಹೊರಗೆ ಬಂದು ಮತ್ತೆ ಒಳಗೆ ಹೋಯಿತು. ಚಿಲಕ ಸರಿಸಿದೆ. ಬಾಗಿಲು ಹಾರಿತು. ಮುಂದಿನ ಏಟು ಅಷ್ಟರಲ್ಲಿ ಎತ್ತಿಯಾಗಿತ್ತು. ಬಿದ್ದದ್ದು ಮಚ್ಚಿನ ಹಿಂಬದಿ. ಅದಕ್ಕೇ ಬದುಕಿದ್ದೇನೆ. ಹಸಿ ಕಡ್ಡಿ ಮುರಿದ ಹಾಗೆ ನನ್ನ ಭುಜದೆಲುಬು ಮುರಿಯಿತು. ಅಪ್ಪ ತಾತನ ಮೇಲೆ ಬಿದ್ದ. ತಾತ ಅಪ್ಪನ ಮುಂಗೈ ಕಚ್ಚಿದ. ಚಿಕ್ಕಪ್ಪ ಒನಕೆ ತಂದು ಇಷ್ಟು ವರ್ಷದ ಬಾಕಿಯನ್ನೆಲ್ಲ ಸೇರಿಸಿ ಅವನ ಪಕ್ಕೆಗೆ ಹೊಡೆದ. ಒಂದಲ್ಲ, ನಾಲ್ಕು. ಎಲೆಗಳು ಕಾಲ್ತುಳಿತಕ್ಕೆ ಸಿಕ್ಕವು. ಟಗರಿನ ಸಾರಿನ ಮೇಲೆ ಮನುಷ್ಯರ ರಕ್ತ ಚೆಲ್ಲಿತು. ಕಚ್ಚಾಡುವ ನಾಯಿಗಳನ್ನು ಬಿಡಿಸುವ ಹಾಗೆ ಅಜ್ಜಿ ಬಚ್ಚಲಿನಿಂದ ಎರಡು ಕೊಡ ನೀರು ತಂದು ಅವರ ಮೇಲೆ ಸುರಿದಳು.

ನೀರು ಬಿದ್ದದ್ದೇ ತಾತ ಕೈಬಿಟ್ಟ. ಒದ್ದೆ ನೆಲದ ಮೇಲೆ ಕುಸಿದು ಕೂತ. ಅಪ್ಪ ನನ್ನ ಕಡೆ ತಿರುಗಿದ.

"ಒಳಗ ಯಾರವ್ರ ಅಂತ ನೋಡ್ದೆ ಯಾಕಮ್ಮಿ ಚಿಲ್ಕ ಆಕ್ದೆ?"

"ಅಜ್ಜಿ ಏಳುದ್ಲು," ಎಂದು ನಾನು ಅತ್ತೆ. "ಏಳುದ್ಲು, ಆಕ್ದಿ."

ತಾತ ತಲೆ ಎತ್ತಿ ನನ್ನನ್ನೇ ನೋಡಿದ. ಬೆಲ್ಟು ಬಿಚ್ಚುವ ಮುಖವಲ್ಲ ಅದು.

"ನಂಗೂ ಏಳುದ್ರು ಕಣಮ್ಮಿ," ಅಂದ. "ನಾನೂ ಆಕ್ದಿ."

ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಯುದ್ಧದ ಹೊತ್ತಿನಲ್ಲಿ ಹಡಗಿನ ಅಡುಗೆಯವರು, ಮೇಜಿನ ಆಳುಗಳು ಎಲ್ಲರೂ ಮದ್ದುಗುಂಡು ಎತ್ತಿಕೊಡುವ ಕೆಲಸಕ್ಕೆ ನಿಲ್ಲಬೇಕಂತೆ. ಪುಟ್ಟಮಾದ ಕೆಳಗೆ ಮದ್ದಿನ ಕೋಣೆಯಲ್ಲಿ, ತಾತ ಆ ಕೋಣೆಯ ಬಾಗಿಲಲ್ಲಿ. ಬಾಂಬು ಬಿದ್ದು ಬೆಂಕಿ ಆ ಕಡೆಗೇ ಬರುತ್ತಿತ್ತು. ಮೇಲಿನಿಂದ ಅಪ್ಪಣೆ ಬರುವ ಮಾತಿನ ಕೊಳವೆಯಲ್ಲಿ ದೊರೆಯ ದನಿ ಬಂತು. ದಿನಾ ಟೀ ಕೇಳುತ್ತಿದ್ದ ಅದೇ ಸಮಾಧಾನದ ದನಿ. ಮುಚ್ಚು, ನೀರು ಬಿಡು. ಚಿಕ್ಕಂದಿನಲ್ಲಿ ತಾನು ಓಡಿಹೋಗಿ ಮುಟ್ಟಿಸಿದ್ದ ಮಾತನ್ನೇ ದೊರೆ ಈಗ ತಾನೇ ಹೇಳಿದ. ಹಿಡಿಕೆಗೆ ಹತ್ತಿರವಿದ್ದ ಕೈ ನಮ್ಮ ತಾತನದು. ಒಳಗೆ ಹನ್ನೊಂದು ಜನ ಇದ್ದರು.

"ಎಲ್ರೂ ಕೂಗುದ್ರು. ಇವನು ಮಾತ್ರ ಬಾವಾ ಬಾವಾ ಅಂತಿದ್ದ. ನಮ್ ಮಾತು ಆ ಅಡಗಲ್ಲಿ ನಂಗೊಬ್ಬುಂಗೇ ಗೊತ್ತಿದ್ದುದ್ದು ಕಣಮ್ಮಿ. ಮಿಕ್ಕವ್ರಿಗ ಅದು ಬರೀ ಸದ್ದು."

ಅಜ್ಜಿ ಕೊಡ ಕೆಳಗಿಟ್ಟಳು. ಅವಳು ಕೇಳಿದ್ದು ನಾಲ್ಕೇ ಮಾತು.

"ತಟ್ಟುದ್ನಾ?"

"ತಟ್ಟುದ."

"ಏಟೊತ್ತು?"

"ನೀರು ತುಂಬಗಂಟ."

"ಕಡಲ್ಗ ಬಿದ್ದ ಅಂತ ಯಾಕ ಅಂದೆ?"

"ಬಿದ್ದೋರ್ನ ಯಾರೂ ತಳ್ಳಿರಲ್ವಲ್ಲ, ಅದ್ಕ."

"ತಗುದಿದ್ರ?"

"ಅಡಗೇ ಓಯ್ತಿತ್ತು. ಎಲ್ರೂ. ನಾನೂ, ದೊರನೂ."

ಅಜ್ಜಿ ನನ್ನ ಕಡೆಗೆ ಬಂದಳು. ಮೂಲೆಯಲ್ಲಿ ನರಳುತ್ತ ಕೂತಿದ್ದ ನನ್ನ ಕೈಯನ್ನು ಒಂದು ಬಟ್ಟೆಯಿಂದ ಎದೆಗೆ ಕಟ್ಟಿದಳು. ತುಳಿದ ಎಲೆಗಳನ್ನು ಬಾಚಿ ಹಿತ್ತಿಲಿಗೆ ಎಸೆದಳು. ನೆಲ ಸಾರಿಸಿದಳು. ಮಡಕೆಯ ತಳದಲ್ಲಿ ಉಳಿದ ಅನ್ನ ಸಾರು ತಂದು ಒಂದೇ ಒಂದು ಎಲೆಗೆ ಬಡಿಸಿ, ಅದರ ಮುಂದೆ ತಾನೇ ಕೂತಳು. ನಾವೆಲ್ಲ ನೋಡುತ್ತ ನಿಂತಿದ್ದೆವು. ಸೀಳಿದ ಬಾಗಿಲು ಒಂದು ಕೀಲಿನಲ್ಲಿ ವಾಲಿದ್ದರೂ ಚೌಕಟ್ಟಿಗೆ ಕೂರುವಂತಿತ್ತು.

"ಮುಚ್ಚು," ಅಂದಳು ತಾತನಿಗೆ.

ಅವನು ಅಲ್ಲಾಡಲಿಲ್ಲ.

"ಎದ್ದು ಮುಚ್ಚು ಅಂದಿ. ಚಿಲ್ಕ ಆಕು. ನಿಂಗ ಬತ್ತದಲ್ಲ."

ತಾತ ಗೋಡೆ ಹಿಡಿದು ಎದ್ದ. ಬಾಗಿಲು ಎಳೆದ. ಚಿಲಕ ಹಾಕುವಾಗ ಅವನ ಹಲ್ಲು ಕಟಕಟ ಅನ್ನುತ್ತಿದ್ದುದು ನನ್ನ ನೋವಿನಲ್ಲೂ ನನಗೆ ಕೇಳಿಸಿತು. ಒಳಗೆ ಸದ್ದಿಲ್ಲ. ಅಪ್ಪ ಮುಂದೆ ಹೋಗಲು ನೋಡಿದ, ಅವ್ವ ತಡೆದಳು. ಎಷ್ಟು ಹೊತ್ತಾಯಿತೋ. ಧೂಪ ಪೂರ್ತಿ ಆರಿಹೋಯಿತು. ತಾತ ಹಣೆಯನ್ನು ಹಲಗೆಗೆ ಒತ್ತಿ ನಿಂತಿದ್ದ. ಆಗ ಒಳಗಿನಿಂದ ಅಜ್ಜಿ ತಟ್ಟಿದಳು. ಒಂದೇ ಸಲ.

ಅವನು ಚಿಲಕ ಕಿತ್ತ ರಭಸಕ್ಕೆ ಕಬ್ಬಿಣದ ಮೊನೆ ಅಂಗೈಯನ್ನು ಉದ್ದಕ್ಕೆ ಸೀಳಿತು. ಬಾಗಿಲು ತೆರೆಯಿತು. ಅಜ್ಜಿ ಹೊಸಲಿನ ಒಳಗಡೆ ನಿಂತಿದ್ದಳು. ರಕ್ತ ತೊಟ್ಟಿಕ್ಕುತ್ತಿದ್ದ ಅವನ ಕೈಯನ್ನು ನೋಡಿದಳು, ಆಮೇಲೆ ಚಿಲಕವನ್ನು ನೋಡಿದಳು.

"ನೋಡ್ದಾ? ತಗಿಯಾದು ಇಷ್ಟೇ ಕಣ ಕೆಲ್ಸ."

ಅಂದವಳು ಅವನನ್ನು ದಾಟಿಕೊಂಡು, ನನ್ನ ಭುಜಕ್ಕೆ ಪಟ್ಟು ಹಾಕಲು ಮೊಟ್ಟೆ ಒಡೆದು ಉದ್ದಿನ ಹಿಟ್ಟಿಗೆ ಕಲಸಲು ಅಡುಗೆಮನೆಗೆ ಹೋದಳು.